ನಲ್ಲಿಯ ಆಚೆಗಿನ ಪಾಠ
ಹಲ್ಲುಜ್ಜುವಾಗ ನಲ್ಲಿ ಬಂದ್ ಮಾಡಿ ಎಂದು ರಾಣೆಬೆನ್ನೂರಿನ ಮಕ್ಕಳಿಗೆ ಹೇಳುವುದು ಸುಲಭ. ಆದರೆ ನೀರು ಬಿಡುವ ಹೊತ್ತಿಗೆ ಕಾದು ಕೊಡ, ಬ್ಯಾರಲ್ ತುಂಬಿಸುವ ಮನೆಯ ಹುಡುಗಿ ಉಳಿತಾಯವನ್ನು ಮಾಸ್ತರರಿಗಿಂತ ಚೆನ್ನಾಗಿ ಬಲ್ಲಳು. ಅವಳಿಗೆ ಹೇಳಬೇಕಾದ್ದು, ಆ ನೀರು ಯಾರ್‍ಯಾರ ಊರು ದಾಟಿ ಬರುತ್ತದೆ ಎಂಬುದನ್ನು. ಊರೂರಿನ ಈ ನಂಟಿಗೆ ಸಾಕ್ಷಿಯೂ ಇದೆ: ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನಗರ ನೀರು ಯೋಜನೆಗೆ ಸರ್ಕಾರ ಮೊದಲು ಆರಿಸಿದ್ದು ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳನ್ನು. ಜಿಲ್ಲೆ ಎರಡು, ಕೊಳ್ಳ ಮಾತ್ರ ಒಂದೇ ತುಂಗಭದ್ರೆಯದು. ಈ ನಂಟಿನ ಕಹಿ ಅಧ್ಯಾಯವೂ ರಾಣೆಬೆನ್ನೂರು ತಾಲ್ಲೂಕಿನಲ್ಲೇ ಇದೆ. 1980ರ ದಶಕದಲ್ಲಿ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಹೊಳೆಗೆ ಬಿಡುತ್ತಿದ್ದ ತ್ಯಾಜ್ಯದ ವಿರುದ್ಧ ದಂಡೆಯ ಹಳ್ಳಿಗಳು ಎದ್ದು ನಿಂತವು, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಸಂಘಟನೆ ಹೋರಾಟಕ್ಕಿಳಿಯಿತು. ಶಾಲೆಯ ‘ನೀರು ಉಳಿಸಿ’ ಭಿತ್ತಿಪತ್ರ ಸ್ಪರ್ಧೆಗಿಂತ ಈ ಕಥೆ ಹತ್ತು ಪಾಲು ಹೆಚ್ಚು ಕಲಿಸೀತು. ಜೊತೆಗೊಂದು ಗಣಿತ: ಸರ್ಕಾರದ ಮಾನದಂಡದಲ್ಲಿ ತಲೆಗೆ ದಿನಕ್ಕೆ ಹಳ್ಳಿಯಲ್ಲಿ 55 ಲೀಟರ್, ನಗರದಲ್ಲಿ 135. ಈ ಅಂತರ ಯಾಕ್ರೀ ಸರ್ ಎಂದು ಮೇಡ್ಲೇರಿ ಹಳ್ಳಿಯ ಹುಡುಗನೊಬ್ಬ ಕೇಳಿಯೇ ಕೇಳುತ್ತಾನೆ. ಮಾಸ್ತರರು ಉತ್ತರ ಹುಡುಕಿಕೊಂಡೇ ತರಗತಿಗೆ ಹೋಗಲಿ.