ಬುಟ್ಟಿ ಹೆಣೆದವರ ಹೆಮ್ಮೆ

ಕುಲದ ಹೆಮ್ಮೆ ಎಂದ ಕೂಡಲೇ ಕನ್ನಡ ಓದುಗರಿಗೆ ಕಸಿವಿಸಿಯಾಗುತ್ತದೆ. ಆಗಲೇಬೇಕು. ವಚನಕಾರರಿಂದ ಕನಕದಾಸರವರೆಗೆ ನಾವು ಮೆಚ್ಚಿಕೊಂಡು ಬಂದವರೆಲ್ಲ ಅದನ್ನು ಪ್ರಶ್ನಿಸಿದವರೇ. ಹಾಗಾಗಿ ಒಂದು ಕಲಾಕೃತಿ ‘ಇದು ನಮ್ಮ ಮನೆತನದ್ದು, ನಮ್ಮ ಜನರದ್ದು’ ಎಂದು ಹೇಳಿಕೊಂಡರೆ ಕಲೆ ಅಷ್ಟರಮಟ್ಟಿಗೆ ಚಿಕ್ಕದಾಯಿತಲ್ಲವೇ ಎಂಬ ಅನುಮಾನ ನಮ್ಮಲ್ಲಿ ಏಳುತ್ತದೆ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಬದುಕುತ್ತ, ಈ ನೆಲದ ಮೂಲನಿವಾಸಿಗಳಾದ ಒಲೋನಿ ಜನರ ಬುಟ್ಟಿಗಳ ವಿಚಾರ ತಿಳಿಯುತ್ತ ಹೋದಂತೆ, ಆ ಅನುಮಾನಕ್ಕೂ ಒಂದು ಎಲ್ಲೆ ಇದೆ ಎಂದು ನನಗೆ ಮನವರಿಕೆಯಾಗಿದೆ.

ಇಲ್ಲಿನ 101ನೇ ಹೆದ್ದಾರಿಯಲ್ಲಿ ಹೋಗುವವರಿಗೆ ಮೊಫೆಟ್ ಫೀಲ್ಡ್‌ನ ದೈತ್ಯ ಹ್ಯಾಂಗರ್ ಕಾಣದೆ ಇರದು. 1933ರಲ್ಲಿ ಅಲ್ಲಿ ನೌಕಾಪಡೆಯ ವಾಯುನೆಲೆ ಆರಂಭವಾದಾಗ ಅದಕ್ಕಿದ್ದದ್ದು ಸನ್ನಿವೇಲ್‌ನದೇ ಹೆಸರು. ಅದಕ್ಕೂ ಸುಮಾರು ತೊಂಬತ್ತು ವರ್ಷ ಹಿಂದೆ, 1844ರಲ್ಲಿ, ಮೆಕ್ಸಿಕೊ ಸರ್ಕಾರ ಆ ಜಾಗವನ್ನು ಪೊಸೊಲ್ಮಿ ಎಂಬ ಹೆಸರಿನಲ್ಲಿ ಲೋಪೆ ಇನಿಗೊ ಎಂಬ ಒಲೋನಿ ಹಿರಿಯನಿಗೆ ಬರೆದುಕೊಟ್ಟಿತ್ತು. 1777ರಲ್ಲಿ ಸಾಂತಾ ಕ್ಲಾರಾ ಕ್ರೈಸ್ತ ಮಿಶನ್ ಬಂದ ಮೇಲೆ ರೋಗ, ದುಡಿತ, ಬಲವಂತದ ವಾಸಗಳಲ್ಲಿ ನಲುಗಿದ ಜನರ ಪೈಕಿ ಹೀಗೆ ಭೂಮಿ ಪಡೆದವರು ಬೆರಳೆಣಿಕೆಯವರು. ಕೊನೆಗೆ ವಿದ್ವತ್ತು ಕೂಡ ಅವರ ಕೈಬಿಟ್ಟಿತು. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ 1925ರ ತನ್ನ ಹೆಸರಾಂತ ಗ್ರಂಥದಲ್ಲಿ ಈ ಜನಾಂಗ ಹೆಚ್ಚುಕಡಿಮೆ ಅಳಿದೇಹೋಗಿದೆ ಎಂಬಂತೆ ಬರೆದ. ಬದುಕಿದ್ದವರನ್ನು ಪುಸ್ತಕ ಸತ್ತವರ ಲೆಕ್ಕಕ್ಕೆ ಸೇರಿಸಿತು.

ಇಂಥವರ ನಡುವಿನಿಂದ ಬಂದವರು ಲಿಂಡಾ ಯಮಾನೆ. ಮಾಂಟೆರೆ ಕಡೆಯ ರಮ್ಸಿಯೆನ್ ಒಲೋನಿ ಬಳಗದವರು. ಒಲೋನಿ ಬುಟ್ಟಿಯ ಕಸುಬನ್ನು ಕೈಹಿಡಿದು ಕಲಿಸುವವರು ಬಳಗದಲ್ಲಿ ಉಳಿದಿರಲಿಲ್ಲ. ಹಳೆಯ ಬುಟ್ಟಿಗಳೋ ಯುರೋಪಿನ ಮ್ಯೂಸಿಯಂಗಳವರೆಗೆ ಚದುರಿದ್ದವು. ಉಳಿದಿದ್ದನ್ನು ನೋಡಿ, ಹೊಲಿಗೆಯ ದಿಕ್ಕು, ಕಡ್ಡಿಯ ದಪ್ಪ ಅಭ್ಯಾಸಮಾಡಿ ಅವರು ಆ ವಿದ್ಯೆಯನ್ನು ಮತ್ತೆ ಕಟ್ಟಿಕೊಂಡರು. ವಿಲ್ಲೋ ಕಡ್ಡಿಯನ್ನು ಸುರುಳಿಯಾಗಿ ಸುತ್ತುತ್ತ, ಸೆಜ್ ಎಂಬ ಜೇಕಿನ ಜಾತಿಯ ಗಿಡದ ಬೇರಿನ ಎಳೆಯಿಂದ ಸುತ್ತು ಸುತ್ತನ್ನೂ ಹೊಲಿಯುತ್ತ ಹೋಗುವ ಕೆಲಸ ಅದು. ಬೇರು ಉದ್ದವಾಗಿ, ನೇರವಾಗಿ ಬರಬೇಕಾದರೆ ಹೊಳೆದಂಡೆಯ ಮರಳುಮಣ್ಣನ್ನು ವರ್ಷವರ್ಷವೂ ಸಡಿಲಿಸಿ ನೋಡಿಕೊಳ್ಳಬೇಕು. ಸೀಳುವಾಗ ಎಳೆಯ ಒಂದು ತುದಿ ಹೆಣೆಯುವವರ ಹಲ್ಲಿನಲ್ಲಿರುತ್ತದೆ. ಹೊಳೆದಂಡೆಗೆ ಕಳೆನಾಶಕ ಸಿಂಪಡಿಸಿದರೆ ವಿಷ ನೇರವಾಗಿ ಬಾಯಿಗೇ ಬರುತ್ತದೆ. ಕ್ಯಾಲಿಫೋರ್ನಿಯಾದ ಮೂಲನಿವಾಸಿ ಹೆಣೆಗಾರರು ತೊಂಬತ್ತರ ದಶಕದಲ್ಲಿ ಸಂಘ ಕಟ್ಟಿಕೊಂಡು ಇದರ ವಿರುದ್ಧ ದನಿಯೆತ್ತಿದರು. ಬುಟ್ಟಿ ಬೇಕಾದರೆ ಹೊಳೆಯೂ ಬೇಕು, ಹೊಳೆಗಿಳಿಯುವ ಹಕ್ಕೂ ಬೇಕು. ಓಕ್ಲ್ಯಾಂಡ್‌ನ ಕ್ಯಾಲಿಫೋರ್ನಿಯಾ ಮ್ಯೂಸಿಯಂಗಾಗಿ ಯಮಾನೆ ಹೆಣೆದು 2012ರಲ್ಲಿ ಮುಗಿಸಿದ ಬುಟ್ಟಿಯಲ್ಲಿ ಸುಮಾರು 20,000 ಹೊಲಿಗೆಗಳಿವೆ, ಕೆಂಪು ಗರಿಗಳಿವೆ, ಒಲಿವೆಲ್ಲಾ ಚಿಪ್ಪಿನ ಮಣಿಗಳಿವೆ.

ಇದು ಒಬ್ಬರ ಪ್ರತಿಭೆಯೋ, ಒಂದು ಜನಾಂಗದ ಆಸ್ತಿಯೋ? ಎರಡನ್ನೂ ಬೇರ್ಪಡಿಸಲು ಹೋದವರು ಬುಟ್ಟಿಯನ್ನೇ ಬಿಚ್ಚಬೇಕಾದೀತು. ಅಜ್ಜಿಯರ ಹೊಲಿಗೆಯನ್ನು ಮತ್ತೆ ಹುಡುಕಿದ್ದು ಒಬ್ಬ ಹೆಣ್ಣುಮಗಳ ಸ್ವಂತ ಬುದ್ಧಿ. ಆ ಬುದ್ಧಿಗೆ ಹಟ ಕೊಟ್ಟದ್ದು ಅಜ್ಜಿಯರ ನೆನಪು.

ನಮ್ಮ ಉತ್ತರ ಕನ್ನಡದಲ್ಲೂ ಇಂಥದೇ ಒಂದು ಕಲೆ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಮನೆಮಂದಿಯ ಹಳೆಯ ಸೀರೆ, ಅಂಗಿಗಳ ತುಂಡು ಸೇರಿಸಿ ಕವದಿ ಹೊಲಿಯುತ್ತಾರೆ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬರುತ್ತದೆ. ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಹೂ ಇಲ್ಲದಿದ್ದರೆ ಕವದಿ ಪೂರ್ತಿಯಾಗದು. ಆಫ್ರಿಕಾ ಮೂಲದ, ಕನ್ನಡ, ಕೊಂಕಣಿ ಆಡುವ ಈ ಜನರನ್ನು ‘ನೀವು ಎಲ್ಲಿಯವರು’ ಎಂದು ಇಂದಿಗೂ ಕೇಳುವವರಿದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ.

ಹೆಮ್ಮೆಯನ್ನು ಅಳೆಯುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಅದು ಯಾರನ್ನಾದರೂ ಕೆಳಗೆ ತಳ್ಳುತ್ತದೆಯೇ? ಮೇಲಿನವನು ತನ್ನ ಕುಲವನ್ನು ಕೊಂಡಾಡಿದರೆ ಕೆಳಗಿನವನ ಬೆನ್ನು ಬಾಗುತ್ತದೆ. ಕನಕದಾಸರು ಎದುರಿಸಿದ್ದು ಅದನ್ನು. ‘ನೀವಿಲ್ಲ’ ಎಂದು ಬರೆಸಿಕೊಂಡವರು ‘ಇದ್ದೇವೆ’ ಎಂದು ಬುಟ್ಟಿ ತೋರಿಸಿದರೆ ಯಾರ ಬೆನ್ನೂ ಬಾಗುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಮ್ಯೂಸಿಯಂಗಳು ಇಂಥ ಕಲೆಯನ್ನು ಹಳೆಯ ಕಾಲದ ವಸ್ತುವೆಂದು ಗಾಜಿನೊಳಗಿಟ್ಟು ಹೆಣೆದವರ ಹೆಸರನ್ನೇ ಬಿಟ್ಟುಬಿಡುವುದೂ ಅಷ್ಟೇ ಅನ್ಯಾಯ.

ನಾನಿರುವ ಈ ಪ್ರದೇಶದ ಮುವೆಕ್ಮಾ ಒಲೋನಿ ಜನರು ಕೇಂದ್ರ ಸರ್ಕಾರದ ಮಾನ್ಯತೆಗಾಗಿ 2024ರಲ್ಲಿ ಕುದುರೆಗಳೊಂದಿಗೆ ವಾಷಿಂಗ್ಟನ್‌ವರೆಗೆ ಯಾತ್ರೆ ಹೋಗಿಬಂದರು. ಅವರ ಊರಿನಲ್ಲಿ ನಾವು ರಾಜ್ಯೋತ್ಸವ ಮಾಡುತ್ತೇವೆ, ನಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತೇವೆ, ನುಡಿಯ ಬಗ್ಗೆ ಹೆಮ್ಮೆಪಡುತ್ತೇವೆ. ಬೇ ಏರಿಯಾದ ಕನ್ನಡ ತರಗತಿಗಳನ್ನು ನಡೆಸುವವರಲ್ಲಿ ನನ್ನದೊಂದು ಕೋರಿಕೆ: ಹಂಪಿ, ಬೇಲೂರುಗಳ ಚಿತ್ರದ ಜೊತೆಗೆ ಪೊಸೊಲ್ಮಿಯ ಹೆಸರನ್ನೂ ಒಲೋನಿ ಬುಟ್ಟಿಯನ್ನೂ ಮಕ್ಕಳಿಗೆ ಪರಿಚಯಿಸಿ.