ಮೆಚ್ಚುವುದು ಮತ್ತು ನೆಚ್ಚುವುದು

ಕನ್ನಡದಲ್ಲಿ 'ವಿಶ್ವಾಸ' ಎಂಬ ಪದಕ್ಕೆ ಎರಡು ಮುಖಗಳುಂಟು. ಒಬ್ಬರನ್ನು ನಂಬುವುದೂ ವಿಶ್ವಾಸವೇ, ಒಬ್ಬರನ್ನು ಆದರದಿಂದ ಕಾಣುವುದೂ ವಿಶ್ವಾಸವೇ. 'ಅವರು ಬಹಳ ವಿಶ್ವಾಸದಿಂದ ಮಾತನಾಡಿಸಿದರು' ಎಂದಾಗ, ಅವರು ಆಡಿದ ಮಾತು ನಡೆಯಿತೆಂದು ಅರ್ಥವಲ್ಲ. ಈ ಎರಡು ಮುಖಗಳು ಬೆರೆತುದರಿಂದಲೇ 'ವಿಶ್ವಾಸಾರ್ಹ' ಎಂಬ ಪದದ ಬಿಗಿ ಸಡಿಲವಾಗಿದೆ. 'ನೆಚ್ಚು' ಎಂಬ ಹಳೆಯ ಮಾತು ಇದಕ್ಕಿಂತ ಗಟ್ಟಿಯಾದುದು. ಮಳೆಯನ್ನು ನೆಚ್ಚಿ ಬಿತ್ತುವ ರೈತನು ಅದರ ಸೊಬಗನ್ನು ಎಣಿಸುವುದಿಲ್ಲ. ಅದು ಹದಕ್ಕೆ ಬರಲೆಂದಷ್ಟೇ ಬಯಸುತ್ತಾನೆ. ಆದರೆ 'ನೆಚ್ಚಿನ' ಎಂಬ ರೂಪವೂ ಈಚೆಗೆ 'ಮೆಚ್ಚಿನ' ಎಂಬ ಅರ್ಥಕ್ಕೆ ಜಾರಿದೆ. ಮೆಚ್ಚುವುದು ಬೇರೆ, ನೆಚ್ಚುವುದು ಬೇರೆ.

ನೆಚ್ಚಿಕೆಗೆ ಅರ್ಹವಾದುದು ದೋಷರಹಿತವಾಗಿರಬೇಕೆಂಬುದು ಸಾಮಾನ್ಯವಾದ ಎಣಿಕೆ. ಗಡಿಯಾರದ ಚರಿತ್ರೆಯು ಬೇರೊಂದು ಪಾಠವನ್ನು ಹೇಳುತ್ತದೆ. ನಡುಗಡಲಿನಲ್ಲಿ ರೇಖಾಂಶವನ್ನು ಖಚಿತವಾಗಿ ಅರಿಯುವ ಉಪಾಯವು ಹಿಂದಿನ ನಾವಿಕರಿಗೆ ಇರಲಿಲ್ಲ. 1707ರಲ್ಲಿ ಸಿಲಿ ದ್ವೀಪಗಳ ಬಳಿ ಬ್ರಿಟಿಷ್ ನೌಕಾಪಡೆಯ 4 ಹಡಗುಗಳು ಬಂಡೆಗಳಿಗೆ ಬಡಿದು ಮುಳುಗಿದವು. ಸಾವಿರಕ್ಕೂ ಹೆಚ್ಚು ಮಂದಿ ಮಡಿದರು. ರೇಖಾಂಶವನ್ನು ಅರ್ಧ ಡಿಗ್ರಿಯೊಳಗೆ ತಿಳಿಸಬಲ್ಲ ವಿಧಾನಕ್ಕೆ ಅಲ್ಲಿನ ಸಂಸತ್ತು 1714ರಲ್ಲಿ 20,000 ಪೌಂಡುಗಳ ಬಹುಮಾನವನ್ನು ಸಾರಿತು. ಹೊರಟ ಊರಿನ ಕಾಲವನ್ನು ಹಡಗಿನಲ್ಲಿ ಕಾಯ್ದುಕೊಳ್ಳಬಲ್ಲ ಗಡಿಯಾರವೊಂದಿದ್ದರೆ ಅದು ಸಾಧ್ಯವಿತ್ತು. ಆದರೆ ಕಾಲವು 4 ನಿಮಿಷ ತಪ್ಪಿದರೆ ರೇಖಾಂಶವು 1 ಡಿಗ್ರಿ ತಪ್ಪುತ್ತದೆ.

ಬಡಗಿಯಾಗಿದ್ದ ಜಾನ್ ಹ್ಯಾರಿಸನ್ ದಶಕಗಳ ಕಾಲ ಶ್ರಮಿಸಿ, 1759ರಲ್ಲಿ ಅಂತಹ ಗಡಿಯಾರವನ್ನು ಸಿದ್ಧಗೊಳಿಸಿದನು. 1764ರಲ್ಲಿ ಅದನ್ನು ಪರೀಕ್ಷೆಗಾಗಿ ಬಾರ್ಬಡೋಸ್ ದ್ವೀಪಕ್ಕೆ ಒಯ್ಯಲಾಯಿತು. ಅದು ಸರಾಸರಿ ದಿನಕ್ಕೆ 1 ಸೆಕೆಂಡಿನಷ್ಟು ಮುಂದೆ ಹೋಗುವುದೆಂದು ಪಯಣಕ್ಕೆ ಮುನ್ನವೇ ತಿಳಿಸಲಾಗಿತ್ತು. ಸುಮಾರು 47 ದಿನಗಳ ಬಳಿಕ ಕಂಡ ವ್ಯತ್ಯಾಸವು 40 ಸೆಕೆಂಡುಗಳನ್ನು ಮೀರಲಿಲ್ಲ. ಬಹುಮಾನದ ನಿಯಮವು 2 ನಿಮಿಷಗಳವರೆಗೆ ಅವಕಾಶವಿತ್ತಿತ್ತು.

ಆ ಗಡಿಯಾರದಲ್ಲಿ ದೋಷವಿಲ್ಲದಿರಲಿಲ್ಲ. ಆದರೆ ಆ ದೋಷಕ್ಕೊಂದು ನಿಯಮವಿತ್ತು, ಅದನ್ನು ಮುಂಚಿತವಾಗಿಯೇ ಹೇಳಲಾಗಿತ್ತು. ಇಂದು ಸರಿಯಾಗಿದ್ದು, ನಾಳೆ ಹೇಳದೆ ಕೇಳದೆ ನಿಂತುಬಿಡುವ ಗಡಿಯಾರಕ್ಕಿಂತ ಇದು ಎಷ್ಟೋ ಮೇಲು.

ಮನುಷ್ಯರ ವಿಷಯದಲ್ಲಿಯೂ ಇದೇ ಒರೆಗಲ್ಲು ಸಲ್ಲುತ್ತದೆ. ಕೇಳಿದವರಿಗೆಲ್ಲ 'ಆಗಲಿ' ಎನ್ನುವವನು ಮೆಚ್ಚುಗೆ ಪಡೆಯುತ್ತಾನೆ. 'ಗುರುವಾರಕ್ಕೆ ಆಗದು, ಶನಿವಾರ ಕೊಡುವೆ' ಎನ್ನುವ ದರ್ಜಿಯು ಆ ಕ್ಷಣಕ್ಕೆ ಒರಟನಾಗಿ ತೋರುತ್ತಾನೆ. ಆದರೆ ಮದುವೆಯ ಮನೆಯವರು ನೆಚ್ಚಬಹುದಾದುದು ಅವನನ್ನೇ. ತನ್ನ ಮಿತಿಯನ್ನು ಅರಿತು, ಅದನ್ನು ಮರೆಮಾಚದೆ ನುಡಿದು, ನುಡಿದಷ್ಟನ್ನು ಪ್ರತಿಸಲವೂ ನಡೆಸುವುದೇ ವಿಶ್ವಾಸಾರ್ಹತೆ. ಒಳ್ಳೆಯತನವು ಮನಸ್ಸಿಗೆ ಹಿತವನ್ನುಂಟುಮಾಡಬಹುದು. ಆದರೆ ಹಡಗು ದಡ ಸೇರುವುದು ನೆಚ್ಚಬಹುದಾದ ಗಡಿಯಾರದಿಂದ.