ಮನೆಮಂದಿಯ ಆರೋಗ್ಯ: ಅರಳುಮರಳೂ ಹೃದಯವೂ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಯನ್ನು ಹೇಳಿ ನಗದ ಮನೆ ನಮ್ಮಲ್ಲಿ ಇರಲಾರದು. ಅಜ್ಜ ಕನ್ನಡಕವನ್ನು ಹಣೆಯ ಮೇಲೆ ಇಟ್ಟುಕೊಂಡೇ ಮನೆಯೆಲ್ಲ ಹುಡುಕಿದರೆ ಮೊಮ್ಮಕ್ಕಳು ನಗುತ್ತಾರೆ, ಅಜ್ಜನೂ ನಗುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲವೊಮ್ಮೆ ಈ ಗಾದೆಯ ಮರೆಯಲ್ಲಿ ಒಂದು ಕಾಯಿಲೆ ಸದ್ದಿಲ್ಲದೆ ಬೆಳೆಯುತ್ತದೆ.

ನಾಸಿಕದಲ್ಲಿ ನಲವತ್ತು ವರ್ಷ ಸಂಸಾರ ಮಾಡಿದ, ಧಾರವಾಡದ ಕಡೆಯ ಹಿರಿಯರೊಬ್ಬರನ್ನು ನಾನು ಬಲ್ಲೆ. ರಕ್ತದೊತ್ತಡವಿದೆಯೆಂದು ಡಾಕ್ಟರು ಗುಳಿಗೆ ಬರೆದುಕೊಟ್ಟಿದ್ದರು. ‘ನೋವಿಲ್ಲ, ಬೇನೆಯಿಲ್ಲ, ಗುಳಿಗೆ ಏತಕ್ಕೆ?’ ಎಂದು ಅವರು ಬಿಟ್ಟುಬಿಟ್ಟರು. ಮೊದಲು ಹೃದಯ ತೊಂದರೆ ಕೊಟ್ಟಿತು. ಎರಡು ವರ್ಷ ಕಳೆದ ಮೇಲೆ ಬ್ಯಾಂಕಿನ ಲೆಕ್ಕ ತಪ್ಪತೊಡಗಿತು. ಒಂದು ದಿನ ಪಂಚವಟಿಯಿಂದ ಮನೆಗೆ ಬರುವ ದಾರಿಯೇ ತಿಳಿಯದಾಯಿತು. ಮನೆಯವರು ‘ವಯಸ್ಸಾಯಿತು’ ಎಂದು ಸುಮ್ಮನಿದ್ದರು. ಕಡೆಗೆ ಪರೀಕ್ಷೆ ಮಾಡಿಸಿದಾಗ, ರಕ್ತ ತಲುಪದೆ ಮಿದುಳಿನ ಚಿಕ್ಕ ಚಿಕ್ಕ ಭಾಗಗಳು ಅಲ್ಲಲ್ಲಿ ಸತ್ತಿದ್ದುದು ಕಂಡುಬಂದಿತು.

ಹೃದಯವೆಲ್ಲಿ, ಮಿದುಳೆಲ್ಲಿ ಎಂದು ವಾಚಕರು ಕೇಳಬಹುದು. ಮಿದುಳು ದೇಹದ ತೂಕದಲ್ಲಿ ನೂರಕ್ಕೆ ಸುಮಾರು 2 ಪಾಲು ಮಾತ್ರ. ಆದರೆ ದೇಹ ಬಳಸುವ ಪ್ರಾಣವಾಯುವಿನಲ್ಲಿ ನೂರಕ್ಕೆ ಸುಮಾರು 20 ಪಾಲು ಅದಕ್ಕೇ ಬೇಕು. ಅದನ್ನು ಹೊತ್ತು ತರುವುದು ಹೃದಯ ನೂಕುವ ರಕ್ತ. ಏರಿದ ಒತ್ತಡ, ಸಕ್ಕರೆ ಕಾಯಿಲೆ, ರಕ್ತದಲ್ಲಿನ ಕೊಬ್ಬು, ತಂಬಾಕು ಇವು ಹೃದಯದ ನಾಳಗಳನ್ನು ಕೆಡಿಸುವಂತೆಯೇ ಮಿದುಳಿನ ಕೂದಲೆಳೆಯಂಥ ನಾಳಗಳನ್ನೂ ಕೆಡಿಸುತ್ತವೆ. ಹೃದಯದ ಬಡಿತ ತಾಳ ತಪ್ಪಿದರೆ ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಳ್ಳುವುದೂ ಉಂಟು. ಹೃದ್ರೋಗವಿದ್ದವರಿಗೆಲ್ಲ ಮರೆವಿನ ಕಾಯಿಲೆ ಬಂದೇ ತೀರುವುದೆಂದಲ್ಲ; ಬರುವ ಸಂಭವ ಹೆಚ್ಚು.

2023ರಲ್ಲಿ ಪ್ರಕಟವಾದ ಅಖಿಲ ಭಾರತದ ಅಧ್ಯಯನವೊಂದರ ಅಂದಾಜಿನಂತೆ, ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಎಂಬ ಈ ಕಾಯಿಲೆಯಿದೆ. ಉಳಿದ ತೊಂಬತ್ತೆರಡು ಮಂದಿಗೆ ಇಲ್ಲ! ಆದ್ದರಿಂದ ಅರಳುಮರಳು ಮುಪ್ಪಿನ ಧರ್ಮವಲ್ಲ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞಮಂಡಲಿ ತಿದ್ದಬಹುದಾದ 14 ಕಾರಣಗಳನ್ನು ಹೆಸರಿಸಿ, ಅವನ್ನೆಲ್ಲ ನೀಗಿದರೆ ಲೋಕದಲ್ಲಿ ನೂರಕ್ಕೆ ಸುಮಾರು 45 ಪಾಲು ಈ ಕಾಯಿಲೆಯನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದು ಎಂದಿತು. ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಬ್ಬು, ಧೂಮಪಾನ, ಕಿವುಡು, ಒಂಟಿತನ ಎಲ್ಲವೂ ಆ ಪಟ್ಟಿಯಲ್ಲಿವೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು ದೀರ್ಘಕಾಲದ ಅಧ್ಯಯನವೊಂದನ್ನು ಕೈಗೊಂಡಿದ್ದಾರೆ. ಅವರು ಆರಿಸಿಕೊಂಡದ್ದು ಎಪ್ಪತ್ತರವರನ್ನು ಮಾತ್ರವಲ್ಲ, 45 ದಾಟಿದವರನ್ನೆಲ್ಲ. ಏಕೆಂದರೆ ಮುಪ್ಪಿನಲ್ಲಿ ತೋರುವ ಕೇಡಿಗೆ ಬೀಜ ಬೀಳುವುದು ನಡುವಯಸ್ಸಿನಲ್ಲಿ. ಹಾಗಾಗಿ ಸಾತಪುರ, ವಾಳೂಜದ ಕಾರ್ಖಾನೆಗಳಿಗೆ ಹೋಗುವ ಮಕ್ಕಳಿಗೂ ಈ ಮಾತು ಸಲ್ಲುತ್ತದೆ.

ನಮ್ಮಂಥ ವಲಸೆ ಬಂದವರಿಗೆ ಒಂದು ಸಂತೋಷದ ಸುದ್ದಿಯೂ ಇದೆ. ಸಂಭಾಜಿನಗರದ ಹಿರಿಯರಿಗೆ ನೆನಪಿದ್ದೀತು: ಆಗ ಔರಂಗಾಬಾದ್ ಎನಿಸಿದ್ದ ಅವರ ಊರೂ, ನಮ್ಮ ಕಲಬುರ್ಗಿ, ಬೀದರ, ರಾಯಚೂರುಗಳೂ 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು; ಎರಡು ಮೂರು ಭಾಷೆ ಆಡುವುದು ಅಲ್ಲಿ ಸಹಜವಾಗಿತ್ತು. ಅದೇ ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿಯವರೂ ಸಂಗಡಿಗರೂ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಬರೆದರು: ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಆಡುವವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ತೋರಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಆಡುವ ನಮಗೆ ಇದು ಸಣ್ಣ ಮಾತಲ್ಲ.

ಆದರೆ ಕಾಯಿಲೆ ಬಂದ ಮೇಲೆ ತಡವಾಗಿ ಕಲಿತ ಭಾಷೆ ಮೊದಲು ಜಾರುವುದುಂಟು. ಮೇಲೆ ಹೇಳಿದ ಹಿರಿಯರು ಈಗ ಮರಾಠಿ ಮರೆತಿದ್ದಾರೆ. ‘ನೀರು ಕೊಡಪಾ’ ಎಂದರೆ ಮೊಮ್ಮಗ ತಾಯಿಯ ಮುಖ ನೋಡುತ್ತಾನೆ. ಒಂದೇ ಮನೆಯಲ್ಲಿದ್ದೂ ಇಬ್ಬರೂ ಪರಸ್ಥಳದವರಾದರು.

ಇನ್ನು ಮಾಡಬೇಕಾದದ್ದು. ನಲವತ್ತಾದ ಮೇಲೆ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡಿಸಿರಿ. ಡಾಕ್ಟರನ್ನು ಕೇಳದೆ ಗುಳಿಗೆ ನಿಲ್ಲಿಸಬೇಡಿರಿ. ಉಪ್ಪು ದಿನಕ್ಕೆ ಒಂದು ಸಣ್ಣ ಚಮಚೆಗಿಂತ ಕಡಿಮೆಯಿರಲಿ; ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪೂ ಆ ಲೆಕ್ಕದಲ್ಲಿ ಸೇರಬೇಕು. ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಬಾಯಿ ಓರೆಯಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಕರೆಮಾಡಿರಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೇ ಗಡುವು. ಹೊಸದಾಗಿ ಬಂದ ಮರೆವನ್ನು ಡಾಕ್ಟರಿಗೆ ತಿಳಿಸಿರಿ. ಬಿ-12 ಜೀವಸತ್ತ್ವದ ಕೊರತೆ, ಥೈರಾಯ್ಡ್ ತೊಂದರೆ, ಮನೋವ್ಯಥೆ ಇವುಗಳಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆಯುಂಟು.

ಕಡೆಯದಾಗಿ, ಮಕ್ಕಳಿಗೆ ಕನ್ನಡ ಕಲಿಸಿರಿ. ಆ ಹಿರಿಯರ ಸೊಸೆ ಈಗ ಮಗನಿಗೆ ದಿನಕ್ಕೆ ಎರಡೆರಡು ಕನ್ನಡ ಮಾತು ಹೇಳಿಕೊಡುತ್ತಿದ್ದಾರೆ. ಮೊದಲು ಕಲಿಸಿದ್ದು ‘ನೀರು’.